ಹಳೆಯ ಸಂರಚನೆ, ಹೊಸ ಕರ್ನೆಲ್: ನವೀಕರಣದ ವೇಳೆ ಕೇಳಬೇಕಾದ ಪ್ರಶ್ನೆಗಳು

ಪಾಠದ ಆಶಯ

ಶಾಲೆಯ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಕಾರ್ಯಾಚರಣ ವ್ಯವಸ್ಥೆಯನ್ನು ನವೀಕರಿಸುವ ಕೆಲಸ ಕೆಲವು ವರ್ಷಗಳಿಗೊಮ್ಮೆ ಬಂದೇ ಬರುತ್ತದೆ. ಹೊಸ ಆವೃತ್ತಿ ಬಂದಾಗ ಹಳೆಯ ಯಂತ್ರದಲ್ಲಿ ಮಾಡಿಕೊಂಡಿದ್ದ ಆಯ್ಕೆಗಳನ್ನು ಏನು ಮಾಡಬೇಕೆಂಬ ಪ್ರಶ್ನೆ ಏಳುತ್ತದೆ. ಎಲ್ಲವನ್ನೂ ಬಿಟ್ಟು ಮೊದಲಿನಿಂದ ಆರಂಭಿಸುವುದು ಒಂದು ದಾರಿ. ಎಲ್ಲವನ್ನೂ ಕಣ್ಣು ಮುಚ್ಚಿ ಹೊಸದರೊಳಗೆ ಸುರಿಯುವುದು ಇನ್ನೊಂದು ದಾರಿ. ಇವೆರಡೂ ಅಪಾಯಕರ. ಹಳೆಯ ಆಯ್ಕೆಗಳನ್ನು ಒಯ್ಯಬೇಕು, ಆದರೆ ಪ್ರಶ್ನಿಸುತ್ತ ಒಯ್ಯಬೇಕು. ಈ ಮೂರನೆಯ ದಾರಿಯನ್ನು ಕರ್ನೆಲ್ ಎಂಬ ತಂತ್ರಾಂಶದ ಉದಾಹರಣೆಯ ಮೂಲಕ ತಿಳಿಸುವುದು ಈ ಪಾಠದ ಆಶಯ.

ಈ ಪಾಠವನ್ನು ಪ್ರೌಢಶಾಲೆಯ ಐ.ಸಿ.ಟಿ. ಅಧ್ಯಾಪಕರು, ಪ್ರಯೋಗಾಲಯದ ಹೊಣೆ ಹೊತ್ತವರು ಹಾಗೂ ಲಿಟ್ಲ್ ಕೈಟ್ಸ್ ಘಟಕದ ಮಾರ್ಗದರ್ಶಕರು ಬಳಸಿಕೊಳ್ಳಬಹುದು. ಆಜ್ಞೆಗಳ ಮತ್ತು ಆಯ್ಕೆಗಳ ಹೆಸರುಗಳನ್ನು ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಯಂತ್ರದಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬೆರಳಚ್ಚಿಸಬೇಕು.

ಕಲಿಕಾ ಸಾಧನೆಗಳು

1. ಕರ್ನೆಲ್ ಎಂದರೇನು, ಅದರ ಸಂರಚನಾ ಕಡತದಲ್ಲಿ ಏನಿರುತ್ತದೆ ಎಂಬುದನ್ನು ವಿವರಿಸುವರು.
2. ಹಳೆಯ ಸಂರಚನಾ ಕಡತವನ್ನು ಹೊಸ ಕರ್ನೆಲಿಗೆ ಒಯ್ಯುವ ಹಂತಗಳನ್ನು ಕ್ರಮವಾಗಿ ಹೇಳುವರು.
3. ಮುಂದುವರಿದ, ಹೊಸದಾಗಿ ಬಂದ ಮತ್ತು ಇಲ್ಲವಾದ ಆಯ್ಕೆಗಳನ್ನು ಬೇರ್ಪಡಿಸಿ ಗುರುತಿಸುವರು.
4. ಕನ್ನಡದ ಬಳಕೆಗೆ ತಟ್ಟುವ ಆಯ್ಕೆಗಳನ್ನು ಗುರುತಿಸಿ, ಅವುಗಳ ಲಿಖಿತ ದಾಖಲೆಯನ್ನು ಸಿದ್ಧಪಡಿಸುವರು.

ಕರ್ನೆಲ್ ಮತ್ತು ಅದರ ಸಂರಚನಾ ಕಡತ

ಕಂಪ್ಯೂಟರಿನ ಯಂತ್ರಭಾಗಗಳಿಗೂ ಅದರಲ್ಲಿ ನಡೆಯುವ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಹಂಚುವ ಭಾಗವೇ ಕರ್ನೆಲ್. ಕೀಲಿಮಣೆಯ ಕೀಲಿ ಒತ್ತಿದಾಗ ಆ ಸಂಕೇತವನ್ನು ಮೊದಲು ಪಡೆಯುವುದು ಅದು. ಡಿಸ್ಕಿನಿಂದ ಕಡತವನ್ನು ಓದಿಸುವುದು, ಪೆನ್ ಡ್ರೈವನ್ನು ಗುರುತಿಸುವುದು, ಪ್ರೊಜೆಕ್ಟರಿಗೆ ಚಿತ್ರ ಕಳುಹಿಸುವುದು ಇವೆಲ್ಲವೂ ಅದರ ಮೂಲಕವೇ ನಡೆಯುತ್ತವೆ. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇಂತಹ ಒಂದು ಕರ್ನೆಲ್.

ಲಿನಕ್ಸ್ ಕರ್ನೆಲ್ ಅಂಗೈಯಗಲದ ಯಂತ್ರದಲ್ಲೂ ಮಹಾಗಣಕದಲ್ಲೂ ನಡೆಯುತ್ತದೆ. ಎಲ್ಲ ಯಂತ್ರಗಳಿಗೂ ಎಲ್ಲ ಭಾಗಗಳೂ ಬೇಕಾಗುವುದಿಲ್ಲ. ಆದುದರಿಂದ ಮೂಲಪಠ್ಯದಿಂದ ಕರ್ನೆಲನ್ನು ಸಿದ್ಧಪಡಿಸುವ ಮೊದಲು ಯಾವ ಭಾಗ ಬೇಕು, ಯಾವುದು ಬೇಡ ಎಂಬುದನ್ನು ನಿರ್ಧರಿಸಬೇಕು. ಆ ನಿರ್ಧಾರಗಳ ಪಟ್ಟಿಯೇ ಸಂರಚನಾ ಕಡತ. ಮೂಲಪಠ್ಯದ ಕೋಶದಲ್ಲಿ ಇದರ ಹೆಸರು 'ಡಾಟ್ ಕಾನ್ಫಿಗ್'. ಬಹುಪಾಲು ಆಯ್ಕೆಗಳಿಗೆ ಮೂರು ಉತ್ತರಗಳಲ್ಲಿ ಒಂದಿರುತ್ತದೆ. 'ವೈ' ಎಂದರೆ ಆ ಭಾಗ ಕರ್ನೆಲಿನೊಳಗೇ ಸೇರಿರಲಿ ಎಂದರ್ಥ. 'ಎಂ' ಎಂದರೆ ಬೇರೆ ಮಾಡ್ಯೂಲ್ ಆಗಿದ್ದು ಬೇಕಾದಾಗ ಬಂದು ಸೇರಲಿ ಎಂದರ್ಥ. 'ಎನ್' ಎಂದರೆ ಬೇಡವೆಂದರ್ಥ. ಕಡತದಲ್ಲಿ ಇದು 'ಆಯ್ಕೆಮಾಡಿಲ್ಲ' ಎಂಬ ಟಿಪ್ಪಣಿಯ ಸಾಲಾಗಿ ಕಾಣಿಸುತ್ತದೆ. ಕೆಲವು ಆಯ್ಕೆಗಳಿಗೆ ಅಂಕಿ ಅಥವಾ ಪದ ಉತ್ತರವಾಗಿರುತ್ತದೆ.

ಉಬುಂಟು ಆಧಾರಿತ ಯಂತ್ರದಲ್ಲಿ ಈಗ ನಡೆಯುತ್ತಿರುವ ಕರ್ನೆಲಿನ ಸಂರಚನೆಯನ್ನು ನೋಡುವುದು ಸುಲಭ. 'ಯುನೇಮ್ -ಆರ್' ಎಂಬ ಆಜ್ಞೆ ಕರ್ನೆಲಿನ ಆವೃತ್ತಿಯನ್ನು ತಿಳಿಸುತ್ತದೆ. 'ಬೂಟ್' ಕೋಶದಲ್ಲಿ ಅದೇ ಆವೃತ್ತಿಯ ಹೆಸರು ಹೊತ್ತ 'ಕಾನ್ಫಿಗ್' ಕಡತವಿರುತ್ತದೆ. ಅದನ್ನು ಪಠ್ಯ ಸಂಪಾದಕದಲ್ಲಿ ತೆರೆದು ಓದಬಹುದು. ಸಾವಿರಾರು ಸಾಲುಗಳ ಈ ಕಡತವನ್ನು ಒಬ್ಬ ವ್ಯಕ್ತಿ ಮೊದಲಿನಿಂದ ತುಂಬಿಸುವುದು ಅಸಾಧ್ಯಕ್ಕೆ ಸಮೀಪದ ಕೆಲಸ. ಹಳೆಯ ಕಡತದ ಮರುಬಳಕೆ ಅನಿವಾರ್ಯವಾಗುವುದು ಈ ಕಾರಣದಿಂದ.

ಕೇರಳದ ಶಾಲೆಗಳ ಸಂದರ್ಭ

ಕೇರಳದ ಸಾರ್ವಜನಿಕ ಶಾಲೆಗಳಲ್ಲಿ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಆರಂಭವಾಯಿತು. ಆ ದಶಕದಲ್ಲೇ ಶಾಲಾ ಪ್ರಯೋಗಾಲಯಗಳು ಗ್ನು/ಲಿನಕ್ಸಿಗೆ ಹೊರಳಿದವು. 2017ರಲ್ಲಿ ಈ ಯೋಜನೆ ಕೈಟ್ ಎಂಬ ಸಂಸ್ಥೆಯಾಗಿ ರೂಪುಗೊಂಡಿತು. ಉಬುಂಟುವಿನ 14.04, 18.04 ಮತ್ತು 22.04 ಆವೃತ್ತಿಗಳನ್ನು ಆಧರಿಸಿದ ವ್ಯವಸ್ಥೆಗಳು ಒಂದರ ನಂತರ ಒಂದರಂತೆ ಶಾಲೆಗಳಿಗೆ ಬಂದವು. ಉಬುಂಟು 14.04 ಮೂಲತಃ 3.13 ಕರ್ನೆಲಿನೊಂದಿಗೆ ಹೊರಬಂದಿತ್ತು. 18.04ರದ್ದು 4.15, 22.04ರದ್ದು 5.15. ಅಂದರೆ ವ್ಯವಸ್ಥೆಯ ಹೆಸರು ಬದಲಾದಾಗಲೆಲ್ಲ ಅದರ ತಳದ ಕರ್ನೆಲೂ ಬದಲಾಗಿದೆ.

ಶಾಲೆಗೆ ಬರುವ ವ್ಯವಸ್ಥೆಯಲ್ಲಿ ಕರ್ನೆಲ್ ಸಿದ್ಧರೂಪದಲ್ಲೇ ಇರುತ್ತದೆ. ಅದರ ಸಂರಚನೆಯನ್ನು ಆವೃತ್ತಿಯಿಂದ ಆವೃತ್ತಿಗೆ ಒಯ್ಯುವವರು ವಿತರಣೆಯ ನಿರ್ವಾಹಕರು. ಹಾಗಾಗಿ ಪ್ರಯೋಗಾಲಯದ ಯಂತ್ರಗಳಲ್ಲಿ ಅಧ್ಯಾಪಕರು ಕರ್ನೆಲನ್ನು ತಾವೇ ಕಟ್ಟಬೇಕಾದ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಪರೀಕ್ಷೆಗೆ ಬಳಸುವ ಯಂತ್ರಗಳಲ್ಲಿ ಅದನ್ನು ಪ್ರಯತ್ನಿಸಲೂ ಬಾರದು. ಈ ಪಾಠದ ಪ್ರಾಯೋಗಿಕ ಭಾಗವನ್ನು ಬಳಕೆಯಲ್ಲಿಲ್ಲದ ಒಂದು ಯಂತ್ರದಲ್ಲಿ, ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಮಾಡಬೇಕು. ಆದರೂ ಈ ಕ್ರಮದ ತಿಳಿವಳಿಕೆ ಅಗತ್ಯ. ನವೀಕರಣದ ನಂತರ ಒಂದು ಸೌಲಭ್ಯ ಕಾಣೆಯಾದರೆ ಅದು ಎಲ್ಲಿ ಕಳೆದುಹೋಯಿತೆಂದು ಹುಡುಕಲು ಈ ತಿಳಿವಳಿಕೆಯೇ ದಾರಿ ತೋರಿಸುತ್ತದೆ.

ತರಗತಿಗೆ ಒಂದು ಹೋಲಿಕೆ

ಮಕ್ಕಳಿಗೆ ವಿಷಯವನ್ನು ಪರಿಚಯಿಸಲು ಶಾಲೆಯ ದಾಖಲಾತಿ ಪುಸ್ತಕದ ಹೋಲಿಕೆಯನ್ನು ಬಳಸಬಹುದು. ಹಳೆಯ ಪುಸ್ತಕ ತುಂಬಿದ ಮೇಲೆ ಹೊಸ ನಮೂನೆಯ ಪುಸ್ತಕ ಬರುತ್ತದೆ ಎಂದು ಭಾವಿಸೋಣ. ಮಗುವಿನ ಹೆಸರು, ಹುಟ್ಟಿದ ದಿನಾಂಕ ಮೊದಲಾದ ಅಂಕಣಗಳು ಎರಡರಲ್ಲೂ ಇವೆ. ಅವುಗಳನ್ನು ನೋಡಿ ಬರೆದರೆ ಸಾಕು. ಹೊಸ ಪುಸ್ತಕದಲ್ಲಿ ಹಿಂದೆ ಇಲ್ಲದ ಕೆಲವು ಅಂಕಣಗಳಿವೆ. ಅವುಗಳಿಗೆ ಉತ್ತರವನ್ನು ವಿಚಾರಿಸಿ ಬರೆಯಬೇಕು. ಹಳೆಯ ಪುಸ್ತಕದಲ್ಲಿದ್ದ ಕೆಲವು ಅಂಕಣಗಳು ಹೊಸದರಲ್ಲಿ ಇಲ್ಲವೇ ಇಲ್ಲ. ಅಲ್ಲಿದ್ದ ಮಾಹಿತಿಯನ್ನು ಬರೆಯಲು ಸ್ಥಳವೇ ಇರುವುದಿಲ್ಲ.

ಹೊಸ ಅಂಕಣ ಖಾಲಿಯಾಗಿದ್ದರೆ ಕಣ್ಣಿಗೆ ಬೀಳುತ್ತದೆ, ಯಾರಾದರೂ ಕೇಳುತ್ತಾರೆ. ಆದರೆ ಇಲ್ಲವಾದ ಅಂಕಣದ ಬಗ್ಗೆ ಹೊಸ ಪುಸ್ತಕ ಏನನ್ನೂ ಕೇಳುವುದಿಲ್ಲ. ಅದನ್ನು ನೆನಪಿಸುವುದು ಹಳೆಯ ಪುಸ್ತಕ ಮಾತ್ರ. ಹಳೆಯದನ್ನು ಕಾಪಿಡಬೇಕೆಂಬುದಕ್ಕೆ ಇದೇ ಕಾರಣವೆಂದು ಮಕ್ಕಳು ತಾವಾಗಿ ಕಂಡುಕೊಳ್ಳುವಂತೆ ಚರ್ಚೆಯನ್ನು ನಡೆಸಬೇಕು.

ಹಳೆಯ ಸಂರಚನೆಯನ್ನು ಒಯ್ಯುವ ಕ್ರಮ

ಒಂದನೆಯ ಹಂತ: ಈಗಿನ ಕರ್ನೆಲಿನ ಆವೃತ್ತಿಯನ್ನು ಬರೆದುಕೊಂಡು, 'ಬೂಟ್' ಕೋಶದಲ್ಲಿರುವ ಸಂರಚನಾ ಕಡತದ ಒಂದು ಪ್ರತಿಯನ್ನು ಯಂತ್ರದ ಹೊರಗೆ, ದಿನಾಂಕ ಸಹಿತ ಉಳಿಸಬೇಕು.

ಎರಡನೆಯ ಹಂತ: ಹೊಸ ಕರ್ನೆಲಿನ ಮೂಲಪಠ್ಯವನ್ನು ಬಿಡಿಸಿದ ಕೋಶದೊಳಗೆ ಆ ಕಡತದ ಇನ್ನೊಂದು ಪ್ರತಿಯನ್ನು 'ಡಾಟ್ ಕಾನ್ಫಿಗ್' ಎಂಬ ಹೆಸರಿನಲ್ಲಿ ಇಡಬೇಕು.

ಮೂರನೆಯ ಹಂತ: 'ಮೇಕ್ ಲಿಸ್ಟ್‌ನ್ಯೂಕಾನ್ಫಿಗ್' ಎಂಬ ಆಜ್ಞೆಯನ್ನು ಕೊಡಬೇಕು. ಹಳೆಯ ಕಡತದಲ್ಲಿ ಉತ್ತರವಿಲ್ಲದ ಹೊಸ ಆಯ್ಕೆಗಳ ಪಟ್ಟಿಯನ್ನು ಇದು ಕೊಡುತ್ತದೆ. ಕಡತದಲ್ಲಿ ಯಾವ ಬದಲಾವಣೆಯೂ ಆಗುವುದಿಲ್ಲ. ಮುಂದಿರುವ ಕೆಲಸ ಎಷ್ಟೆಂಬ ಅಂದಾಜು ಇದರಿಂದ ಸಿಗುತ್ತದೆ.

ನಾಲ್ಕನೆಯ ಹಂತ: 'ಮೇಕ್ ಓಲ್ಡ್‌ಕಾನ್ಫಿಗ್' ಎಂಬ ಆಜ್ಞೆಯನ್ನು ಕೊಡಬೇಕು. ಹಳೆಯ ಉತ್ತರಗಳನ್ನು ಹಾಗೆಯೇ ಇಟ್ಟುಕೊಂಡು, ಹೊಸ ಆಯ್ಕೆಗಳ ಬಗ್ಗೆ ಮಾತ್ರ ಇದು ಒಂದೊಂದಾಗಿ ಪ್ರಶ್ನೆ ಕೇಳುತ್ತದೆ. ಪ್ರತಿ ಪ್ರಶ್ನೆಯ ಕೊನೆಯಲ್ಲಿ 'ನ್ಯೂ' ಎಂಬ ಗುರುತಿರುತ್ತದೆ. ಉತ್ತರದ ಅಕ್ಷರಗಳಲ್ಲಿ ಒಂದು ದೊಡ್ಡಕ್ಷರದಲ್ಲಿರುತ್ತದೆ. ಏನನ್ನೂ ಬರೆಯದೆ ಎಂಟರ್ ಒತ್ತಿದರೆ ಆ ಉತ್ತರವೇ ದಾಖಲಾಗುತ್ತದೆ. ಪ್ರಶ್ನಾರ್ಥಕ ಚಿಹ್ನೆಯನ್ನು ಒತ್ತಿದರೆ ಆ ಆಯ್ಕೆಯ ವಿವರಣೆ ತೆರೆಯುತ್ತದೆ.

ಐದನೆಯ ಹಂತ: ಪ್ರಶ್ನೆಗಳು ಮುಗಿದ ಮೇಲೆ ಹಳೆಯ ಕಡತವನ್ನೂ ಹೊಸ ಕಡತವನ್ನೂ ಹೋಲಿಸಬೇಕು. ಇದಕ್ಕಾಗಿ ಮೂಲಪಠ್ಯದ 'ಸ್ಕ್ರಿಪ್ಟ್ಸ್' ಕೋಶದಲ್ಲಿ 'ಡಿಫ್‌ಕಾನ್ಫಿಗ್' ಎಂಬ ಸಾಧನವಿದೆ. ಹೊಸದಾಗಿ ಸೇರಿದ ಸಾಲಿಗೆ ಕೂಡಿಸುವ ಚಿಹ್ನೆ, ಇಲ್ಲವಾದ ಸಾಲಿಗೆ ಕಳೆಯುವ ಚಿಹ್ನೆ, ಬದಲಾದ ಸಾಲಿಗೆ ಹಳೆಯ ಉತ್ತರದಿಂದ ಹೊಸ ಉತ್ತರದತ್ತ ಬಾಣ ಹೀಗೆ ಅದು ಪಟ್ಟಿ ಕೊಡುತ್ತದೆ.

ಆರನೆಯ ಹಂತ: ಹೊಸ ಕರ್ನೆಲಿನ ಹೆಸರಿನ ಕೊನೆಗೆ ಒಂದು ಗುರುತು ಪದವನ್ನು ಸೇರಿಸಿ, ಕಟ್ಟಿ, ಸ್ಥಾಪಿಸಬೇಕು. ಹಳೆಯ ಕರ್ನೆಲನ್ನು ಅಳಿಸಬಾರದು. ಹೊಸದು ಏಳದಿದ್ದರೆ ಗ್ರಬ್ ಪಟ್ಟಿಯಿಂದ ಹಳೆಯದನ್ನು ಆಯ್ದು ಯಂತ್ರವನ್ನು ಎಬ್ಬಿಸಬಹುದು.

ಇದೇ ಕೆಲಸವನ್ನು ಪ್ರಶ್ನೆಗಳಿಲ್ಲದೆ ಮುಗಿಸುವ 'ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್' ಎಂಬ ಆಜ್ಞೆಯೂ ಇದೆ. ಎಲ್ಲ ಹೊಸ ಆಯ್ಕೆಗಳಿಗೂ ಪೂರ್ವನಿಗದಿತ ಉತ್ತರವನ್ನು ಅದು ತಾನಾಗಿ ತುಂಬಿಸುತ್ತದೆ. ಸಮಯ ಉಳಿಯುತ್ತದೆ ನಿಜ. ಆದರೆ ಏನನ್ನು ಒಪ್ಪಿಕೊಳ್ಳಲಾಯಿತು ಎಂಬುದು ತಿಳಿಯುವುದಿಲ್ಲ. ಈ ಆಜ್ಞೆಯನ್ನು ಬಳಸಿದವರಿಗೆ ಐದನೆಯ ಹಂತದ ಹೋಲಿಕೆ ಇನ್ನಷ್ಟು ಅಗತ್ಯ.

ಇಲ್ಲವಾದ ಆಯ್ಕೆಗಳು: ಎರಡು ಉದಾಹರಣೆಗಳು

ಮುಂದುವರಿದ ಆಯ್ಕೆಗಳಿಂದ ತೊಂದರೆ ಕಡಿಮೆ. ಹೊಸ ಆಯ್ಕೆಗಳ ಬಗ್ಗೆ ಯಂತ್ರವೇ ಪ್ರಶ್ನೆ ಕೇಳುತ್ತದೆ. ಮೂರನೆಯ ಬಗೆಯನ್ನು, ಅಂದರೆ ಇಲ್ಲವಾದ ಆಯ್ಕೆಗಳನ್ನು, ವಿಶೇಷವಾಗಿ ಗಮನಿಸಬೇಕು. ಹಳೆಯ ಕಡತದಲ್ಲಿರುವ ಒಂದು ಆಯ್ಕೆಯ ಹೆಸರು ಹೊಸ ಕರ್ನೆಲಿನಲ್ಲಿ ಇಲ್ಲದಿದ್ದರೆ ಆ ಸಾಲು ಸಾಮಾನ್ಯವಾಗಿ ಸದ್ದಿಲ್ಲದೆ ಬಿದ್ದುಹೋಗುತ್ತದೆ.

ಮೊದಲನೆಯ ಉದಾಹರಣೆ ಎಕ್ಸ್ಟ್3 ಎಂಬ ಕಡತ ವ್ಯವಸ್ಥೆಯದು. ಅದರ ಪ್ರತ್ಯೇಕ ಚಾಲಕವನ್ನು 2015ರಲ್ಲಿ, 4.3 ಕರ್ನೆಲಿನಲ್ಲಿ ತೆಗೆದುಹಾಕಲಾಯಿತು. ಎಕ್ಸ್ಟ್4ರ ಚಾಲಕವೇ ಆ ಕೆಲಸವನ್ನೂ ಮಾಡಬಲ್ಲುದಾಗಿತ್ತು. ಆದರೆ ಚಾಲಕವನ್ನು ತೆಗೆದವರು ಹಳೆಯ ಆಯ್ಕೆಯ ಹೆಸರನ್ನು ಆಗ ತೆಗೆಯಲಿಲ್ಲ. ಹಳೆಯ ಕಡತದಲ್ಲಿ ಎಕ್ಸ್ಟ್3ಕ್ಕೆ 'ವೈ' ಎಂದಿದ್ದರೆ ಎಕ್ಸ್ಟ್4 ತಾನಾಗಿ ಆಯ್ಕೆಯಾಗುವಂತೆ ಒಂದು ಸೇತುವೆಯನ್ನು ಕಟ್ಟಿಟ್ಟರು. ಹಳೆಯ ಸಂರಚನೆಯನ್ನು ಒಯ್ದವರ ಯಂತ್ರಗಳು ಯಾವ ತೊಂದರೆಯೂ ಇಲ್ಲದೆ ಎದ್ದವು.

ಎರಡನೆಯದು ಐಡಿಇ ಎಂಬ ಹಳೆಯ ಡಿಸ್ಕ್ ಚಾಲಕಗಳ ಗುಂಪು. 2021ರಲ್ಲಿ, 5.14 ಕರ್ನೆಲಿನಲ್ಲಿ ಅವುಗಳನ್ನು ತೆಗೆದುಹಾಕಲಾಯಿತು. ಆ ಡಿಸ್ಕುಗಳನ್ನು ನೋಡಿಕೊಳ್ಳುವ ಹೊಣೆ ಎಟಿಎ ಎಂಬ, ಅದಕ್ಕೂ ಬಹಳ ಮೊದಲೇ ಬಂದಿದ್ದ ಇನ್ನೊಂದು ಗುಂಪಿನದಾಯಿತು. ಒಂದು ಯಂತ್ರದ ಹಳೆಯ ಕಡತದಲ್ಲಿ ಐಡಿಇಗೆ 'ವೈ' ಎಂದೂ ಎಟಿಎಗೆ 'ಎನ್' ಎಂದೂ ಇದೆಯೆಂದು ಭಾವಿಸೋಣ. ಹೊಸ ಕರ್ನೆಲಿಗೆ ಅದನ್ನು ಒಯ್ದಾಗ ಐಡಿಇಯ ಸಾಲು ಬಿದ್ದುಹೋಗುತ್ತದೆ. ಎಟಿಎ ಹೊಸ ಆಯ್ಕೆಯಲ್ಲ. ಅದಕ್ಕೆ ಹಿಂದೆಯೇ 'ಎನ್' ಎಂಬ ಉತ್ತರ ದಾಖಲಾಗಿದೆ. ಹಾಗಾಗಿ 'ಓಲ್ಡ್‌ಕಾನ್ಫಿಗ್' ಅದರ ಬಗ್ಗೆಯೂ ಪ್ರಶ್ನೆ ಕೇಳುವುದಿಲ್ಲ. ಬಂದ ಪ್ರಶ್ನೆಗಳಿಗೆಲ್ಲ ಸರಿಯಾಗಿ ಉತ್ತರಿಸಿದ ಮೇಲೂ ಹೊಸ ಕರ್ನೆಲಿಗೆ ತನ್ನ ಡಿಸ್ಕ್ ಕಾಣಿಸದೆ ಯಂತ್ರ ನಿಂತುಬಿಡುತ್ತದೆ.

ಈ ಎರಡು ಉದಾಹರಣೆಗಳ ಅಂತರವನ್ನು ಮಕ್ಕಳು ಚೆನ್ನಾಗಿ ಗ್ರಹಿಸಬೇಕು. ಕೇಳಿದ ಪ್ರಶ್ನೆಗಳಿಗೆ ಉತ್ತರಿಸುವುದಷ್ಟೇ ಸಾಲದು. ಕೇಳದೆ ಬಿಟ್ಟ ಪ್ರಶ್ನೆಗಳು ಯಾವುವೆಂದು ಹುಡುಕಬೇಕು. ಕಳೆಯುವ ಚಿಹ್ನೆಯ ಸಾಲುಗಳನ್ನು ಓದಿ, 'ಈ ಕೆಲಸವನ್ನು ಈಗ ಯಾರು ಮಾಡುತ್ತಾರೆ?' ಎಂದು ಪ್ರತಿಯೊಂದರ ಬಗ್ಗೆಯೂ ಕೇಳಿಕೊಳ್ಳುವುದೇ ಅದಕ್ಕಿರುವ ವಿಧಾನ.

ಕನ್ನಡಕ್ಕೆ ತಟ್ಟುವ ಎರಡು ಪ್ರಶ್ನೆಗಳು

ಹೊಸಂಗಡಿಯ ಸುತ್ತಲಿನ ಊರುಗಳಲ್ಲಿ ಕನ್ನಡ, ತುಳು, ಮಲೆಯಾಳ, ಬ್ಯಾರಿ, ಕೊಂಕಣಿ ಭಾಷೆಗಳನ್ನಾಡುವ ಮಕ್ಕಳು ಒಂದೇ ಶಾಲೆಯಲ್ಲಿ ಕಲಿಯುವುದು ಸಾಮಾನ್ಯ. ಕನ್ನಡ ಮಾಧ್ಯಮದ ಮಗು ತನ್ನ ಯೋಜನಾ ವರದಿಗೆ ಕನ್ನಡದಲ್ಲೇ ಹೆಸರಿಟ್ಟು ಪೆನ್ ಡ್ರೈವಿನಲ್ಲಿ ಉಳಿಸುತ್ತದೆ. ಇನ್ನೊಂದು ಯಂತ್ರದಲ್ಲಿ ಅದನ್ನು ತೆರೆಯಹೊರಟಾಗ ಹೆಸರಿನ ಸ್ಥಾನದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣಿಸಬಹುದು. ಇದಕ್ಕೆ ಕಾರಣ ಫಾಂಟಿನ ಕೊರತೆಯೆಂದೇ ಹಲವರು ತಿಳಿಯುತ್ತಾರೆ. ಆದರೆ ಕಾರಣ ಕರ್ನೆಲಿನ ಸಂರಚನೆಯಲ್ಲೂ ಇರಬಹುದು.

ಸಣ್ಣ ಗಾತ್ರದ ಪೆನ್ ಡ್ರೈವುಗಳು ಬಹುತೇಕ ಫ್ಯಾಟ್ ಎಂಬ ಕಡತ ವ್ಯವಸ್ಥೆಯಲ್ಲಿರುತ್ತವೆ. ಅದರಲ್ಲಿ ಉದ್ದದ ಹೆಸರುಗಳು ಯುನಿಕೋಡಿನಲ್ಲೇ ಉಳಿದಿರುತ್ತವೆ. ಕರ್ನೆಲ್ ಅವುಗಳನ್ನು ಓದಿ, ತನಗೆ ಹೇಳಿದ ಅಕ್ಷರ ಸಂಕೇತಕ್ಕೆ ಬದಲಿಸಿ ಮುಂದಕ್ಕೆ ಕೊಡುತ್ತದೆ. ಏನನ್ನೂ ಹೇಳದಿದ್ದರೆ ಪೂರ್ವನಿಗದಿತ ಸಂಕೇತ ಐಎಸ್ಒ 8859-1. ಅದು ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ರೂಪಿಸಿದ್ದು. ಕನ್ನಡದ ಒಂದು ಅಕ್ಷರವೂ ಅದರಲ್ಲಿಲ್ಲ. ಬದಲಿಸಲಾಗದ ಪ್ರತಿ ಅಕ್ಷರದ ಸ್ಥಾನದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. 2016ರ 4.6 ಕರ್ನೆಲಿನಲ್ಲಿ 'ಫ್ಯಾಟ್ ಡೀಫಾಲ್ಟ್ ಯುಟಿಎಫ್8' ಎಂಬ ಹೊಸ ಆಯ್ಕೆ ಸೇರಿತು. ಅದಕ್ಕೆ 'ವೈ' ಎಂದರೆ ಹೆಸರುಗಳು ಯುಟಿಎಫ್8 ಸಂಕೇತದಲ್ಲಿ ಬಂದು ಕನ್ನಡ ಸರಿಯಾಗಿ ಕಾಣಿಸುತ್ತದೆ. ಆದರೆ ಅದರ ಪೂರ್ವನಿಗದಿತ ಉತ್ತರ 'ಎನ್'. ಕಡತಗಳ ಹೆಸರಿಗೆ ಯುಟಿಎಫ್8 ಬಳಸುವವರು 'ವೈ' ಎನ್ನಲಿ, ಇಲ್ಲವಾದರೆ 'ಎನ್' ಎನ್ನಲಿ ಎಂದು ಅದರ ವಿವರಣೆ ಹೇಳುತ್ತದೆ.

ಇಂದಿನ ಉಬುಂಟುವಿನಲ್ಲಿ ಕಡತ ವ್ಯವಸ್ಥಾಪಕದ ಮೂಲಕ ಪೆನ್ ಡ್ರೈವನ್ನು ತೆರೆದಾಗ ಯುಟಿಎಫ್8 ಬೇಕೆಂಬ ಸೂಚನೆಯನ್ನು ಅದರ ಹಿಂದಿರುವ ಸೇವೆ ತಾನಾಗಿ ಸೇರಿಸುತ್ತದೆ. ಆದುದರಿಂದ ನಿತ್ಯದ ಬಳಕೆಯಲ್ಲಿ ಈ ತೊಂದರೆ ಎದ್ದು ಕಾಣುವುದಿಲ್ಲ. ಆಜ್ಞೆಯ ಮೂಲಕ ಅಥವಾ ಸ್ವಂತ ಸ್ಕ್ರಿಪ್ಟಿನ ಮೂಲಕ ಪೆನ್ ಡ್ರೈವನ್ನು ಜೋಡಿಸಿದಾಗ ಅದು ಪ್ರಕಟವಾಗುತ್ತದೆ. ಮಕ್ಕಳ ಕಡತಗಳನ್ನು ಒಟ್ಟಾಗಿ ನಕಲಿಸಲು ಸ್ಕ್ರಿಪ್ಟ್ ಬಳಸುವ ಅಧ್ಯಾಪಕರು 'ಯುಟಿಎಫ್8' ಸೂಚನೆಯನ್ನು ತಾವೇ ಸೇರಿಸಬೇಕು.

ಎರಡನೆಯ ಪ್ರಶ್ನೆ ಎಕ್ಸ್‌ಫ್ಯಾಟ್ ಕುರಿತದ್ದು. 64 ಜಿಬಿ ಮತ್ತು ಅದಕ್ಕೂ ಹೆಚ್ಚಿನ ಸಾಮರ್ಥ್ಯದ ಪೆನ್ ಡ್ರೈವುಗಳೂ ಮೆಮೊರಿ ಕಾರ್ಡುಗಳೂ ಸಾಮಾನ್ಯವಾಗಿ ಈ ವ್ಯವಸ್ಥೆಯಲ್ಲಿ ಬರುತ್ತವೆ. 2020ರ 5.7 ಕರ್ನೆಲಿನಲ್ಲಿ ಇದರ ಈಗಿನ ಚಾಲಕ ಸೇರಿತು. 4.15ರ ಸಂರಚನೆಯನ್ನು 5.15ಕ್ಕೆ ಒಯ್ಯುವವರಿಗೆ ಇದು ಹೊಸ ಪ್ರಶ್ನೆಯಾಗಿ ಎದುರಾಗುತ್ತದೆ. ಪೂರ್ವನಿಗದಿತ ಉತ್ತರ ಇಲ್ಲಿಯೂ 'ಎನ್'. ಸುಮ್ಮನೆ ಎಂಟರ್ ಒತ್ತಿದವರ ಕರ್ನೆಲ್ ಆ ಪೆನ್ ಡ್ರೈವನ್ನು ತೆರೆಯಲಾರದು. 'ಎಂ' ಎಂದು ಉತ್ತರಿಸಿದವರಿಗೆ ಚಾಲಕ ಸಿಗುತ್ತದೆ. ಇದರ ಪೂರ್ವನಿಗದಿತ ಅಕ್ಷರ ಸಂಕೇತ ಯುಟಿಎಫ್8 ಆಗಿರುವುದರಿಂದ ಕನ್ನಡದ ಹೆಸರುಗಳಿಗೂ ತೊಂದರೆಯಿಲ್ಲ.

ಪೂರ್ವನಿಗದಿತ ಉತ್ತರವನ್ನು ಯಾರೂ ದುರುದ್ದೇಶದಿಂದ ಬರೆದಿರುವುದಿಲ್ಲ. ಬಹುಜನರಿಗೆ ಯಾವುದು ಸಾಕೋ ಅದನ್ನು ಬರೆಯಲಾಗಿರುತ್ತದೆ. ಆ ಬಹುಜನರಲ್ಲಿ ಸೇರದವರು ತಮ್ಮ ಅಗತ್ಯವನ್ನು ತಾವೇ ಹೇಳಬೇಕಾಗುತ್ತದೆ. ದಾಖಲಾತಿ ಪುಸ್ತಕದ ಹೋಲಿಕೆಗೆ ಮರಳಿದರೆ, ಖಾಲಿ ಬಿಟ್ಟ ಪ್ರಥಮ ಭಾಷೆಯ ಅಂಕಣದಲ್ಲಿ ಹೆಚ್ಚು ಮಕ್ಕಳ ಭಾಷೆ ತಾನಾಗಿ ತುಂಬಿಕೊಳ್ಳುವಂತಿದ್ದರೆ ಕನ್ನಡದ ಮಗುವಿನ ಗತಿ ಏನೆಂದು ಮಕ್ಕಳನ್ನು ಕೇಳಬಹುದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ರಾಜ್ಯಗಳ ಪುನರ್ವಿಂಗಡಣೆಗೆ ಸಂಬಂಧಿಸಿದ ಅದೇ ವರ್ಷದ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಕಲ್ಪಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ವ್ಯವಸ್ಥೆ ಬದಲಾಗುವಾಗ ಉಳಿಯಬೇಕಾದುದನ್ನು ಬರೆದೇ ಇಡಬೇಕೆಂಬ ವಿವೇಕ ಅದರಲ್ಲಿದೆ. ಸಮಾಜ ವಿಜ್ಞಾನದ ಪಾಠದೊಂದಿಗೆ ಈ ವಿಷಯವನ್ನು ಜೋಡಿಸಿಕೊಳ್ಳಬಹುದು.

ಹಳೆಯದನ್ನು ಬಿಡಬೇಕಾದ ಸಂದರ್ಭಗಳು

ಹಳೆಯ ಉತ್ತರಗಳೆಲ್ಲವೂ ಕಾಪಾಡತಕ್ಕವುಗಳಲ್ಲ. ಉಬುಂಟುವಿನ 'ಬೂಟ್' ಕೋಶದ ಸಂರಚನೆಯನ್ನು ತಂದು, ಕರ್ನೆಲ್ ಅಭಿವರ್ಧಕರು ನೇರವಾಗಿ ಪ್ರಕಟಿಸುವ ಮೂಲಪಠ್ಯದೊಂದಿಗೆ ಕಟ್ಟಲು ಹೊರಟರೆ ಕೆಲಸ ನಡುವೆ ನಿಲ್ಲುವುದುಂಟು. 'ಸಿಸ್ಟಂ ಟ್ರಸ್ಟೆಡ್ ಕೀಸ್' ಎಂಬ ಆಯ್ಕೆಯಲ್ಲಿ ಉಬುಂಟುವನ್ನು ಹೊರತರುವ ಕೆನೋನಿಕಲ್ ಸಂಸ್ಥೆಯ ಪ್ರಮಾಣಪತ್ರದ ಕಡತದ ಹೆಸರಿರುತ್ತದೆ. ಆ ಕಡತ ಉಬುಂಟುವಿನ ಮೂಲಪಠ್ಯದಲ್ಲಿದೆ, ಇಲ್ಲಿ ಇಲ್ಲ. ಆ ಉತ್ತರವನ್ನು ಖಾಲಿ ಮಾಡಿದರೆ ಕೆಲಸ ಮುಂದುವರಿಯುತ್ತದೆ. ಇತ್ತೀಚಿನ ಆವೃತ್ತಿಗಳಲ್ಲಿ 'ಸಿಸ್ಟಂ ರೆವೊಕೇಶನ್ ಕೀಸ್' ಎಂಬ ಇನ್ನೊಂದು ಆಯ್ಕೆಗೂ ಹೀಗೆಯೇ ಮಾಡಬೇಕಾಗುತ್ತದೆ. ಅಲ್ಲಿಗೆ ಸರಿಯಾಗಿದ್ದ ಉತ್ತರ ಇಲ್ಲಿಗೆ ಸರಿಯಾಗಬೇಕೆಂದಿಲ್ಲ ಎಂಬುದಕ್ಕೆ ಇದು ನಿದರ್ಶನ.

'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್' ಎಂಬ ಆಜ್ಞೆಯ ಬಗ್ಗೆಯೂ ಎಚ್ಚರ ಅಗತ್ಯ. ಆ ಕ್ಷಣದಲ್ಲಿ ಬಳಕೆಯಲ್ಲಿರುವ ಮಾಡ್ಯೂಲುಗಳನ್ನು ಮಾತ್ರ ಉಳಿಸಿ ಉಳಿದ ಮಾಡ್ಯೂಲುಗಳನ್ನು ಅದು ಕೈಬಿಡುತ್ತದೆ. ಕರ್ನೆಲ್ ಕಟ್ಟುವ ಸಮಯ ಬಹಳ ಕಡಿಮೆಯಾಗುತ್ತದೆ. ಆದರೆ ಆಗ ಜೋಡಿಸಿರದ ವೆಬ್ ಕ್ಯಾಮೆರಾ, ಪ್ರಿಂಟರ್, ಪೆನ್ ಡ್ರೈವ್ ಮೊದಲಾದವುಗಳ ಚಾಲಕಗಳೂ ಕೈಬಿಟ್ಟುಹೋಗಬಹುದು. ವರ್ಷದಲ್ಲಿ ಒಮ್ಮೆ ಮಾತ್ರ ಬೇಕಾಗುವ ಸಾಧನ ಆ ದಿನ ಕಪಾಟಿನಲ್ಲಿತ್ತೆಂಬ ಕಾರಣಕ್ಕೆ ಅದು ಬೇಡವಾದದ್ದಲ್ಲ. ಈ ಆಜ್ಞೆಯನ್ನು ಕೊಡುವ ಮೊದಲು ಪ್ರಯೋಗಾಲಯದ ಎಲ್ಲ ಸಾಧನಗಳನ್ನೂ ಒಮ್ಮೆ ಜೋಡಿಸಿ ನೋಡಬೇಕು.

ಕರ್ನೆಲಿನ ಹೊರಗಿರುವ ಸಂರಚನೆ

ಕನ್ನಡ ಬೆರಳಚ್ಚಿನ ವ್ಯವಸ್ಥೆ ಕರ್ನೆಲಿನಲ್ಲಿಲ್ಲ ಎಂಬುದನ್ನು ಸ್ಪಷ್ಟಪಡಿಸಬೇಕು. ಕರ್ನೆಲಿಗೆ ತಿಳಿಯುವುದು ಯಾವ ಕೀಲಿಯನ್ನು ಒತ್ತಲಾಯಿತು ಎಂಬುದಷ್ಟೇ. ಅದು 'ಕ' ಆಗಬೇಕೋ ಬೇರೊಂದು ಅಕ್ಷರವಾಗಬೇಕೋ ಎಂಬುದನ್ನು ಮೇಲಿನ ಪದರದ ಕೀಲಿಮಣೆ ವಿನ್ಯಾಸ ನಿರ್ಧರಿಸುತ್ತದೆ. ಯಂತ್ರದ ಮಟ್ಟಿನ ಈ ಆಯ್ಕೆ 'ಇಟಿಸಿ' ಕೋಶದೊಳಗಿನ 'ಡೀಫಾಲ್ಟ್' ಉಪಕೋಶದ 'ಕೀಬೋರ್ಡ್' ಕಡತದಲ್ಲಿರುತ್ತದೆ. ಭಾರತದ ವಿನ್ಯಾಸಗಳ ಗುಂಪಿನಲ್ಲಿ ಕನ್ನಡಕ್ಕೆ 'ಕೆಎಎನ್' ಎಂಬ ಗುರುತಿದೆ. ಪ್ರತಿ ಬಳಕೆದಾರರ ಆಯ್ಕೆಗಳು ಅವರವರ ಹೋಮ್ ಕೋಶದಲ್ಲಿರುತ್ತವೆ.

ಕರ್ನೆಲ್ ಮಾತ್ರ ಬದಲಾದರೆ ಇವು ಹಾಗೆಯೇ ಉಳಿಯುತ್ತವೆ. ಡಿಸ್ಕನ್ನು ಅಳಿಸಿ ಹೊಸ ವ್ಯವಸ್ಥೆಯನ್ನು ಸ್ಥಾಪಿಸಿದರೆ ಇವೆಲ್ಲವೂ ಹೋಗುತ್ತವೆ. ಇರುವ ವ್ಯವಸ್ಥೆಯ ಮೇಲೆಯೇ ನವೀಕರಿಸುವಾಗ, ಸ್ಥಳೀಯವಾಗಿ ತಿದ್ದಿದ ಕಡತವೊಂದರ ಹೊಸ ಆವೃತ್ತಿ ಬಂದರೆ ಯಂತ್ರ ನಿಂತು ಪ್ರಶ್ನೆ ಕೇಳುವುದುಂಟು. 'ವೈ' ಎಂದರೆ ಹೊಸ ಕಡತ ಬರುತ್ತದೆ, 'ಎನ್' ಎಂದರೆ ಇದ್ದುದೇ ಉಳಿಯುತ್ತದೆ, 'ಡಿ' ಎಂದರೆ ಎರಡರ ವ್ಯತ್ಯಾಸ ತೋರುತ್ತದೆ. ಇಲ್ಲಿಯೂ ಮೊದಲು 'ಡಿ' ಒತ್ತಿ, ವ್ಯತ್ಯಾಸವನ್ನು ಓದಿ, ನಂತರ ನಿರ್ಧರಿಸುವುದು ಸರಿಯಾದ ಕ್ರಮ. ಕರ್ನೆಲಿನ ಪಾಠ ನಿತ್ಯದ ಕೆಲಸದಲ್ಲಿ ನೆರವಾಗುವುದು ಹೀಗೆ.

ಚಟುವಟಿಕೆ

ಮಕ್ಕಳನ್ನು ನಾಲ್ಕೈದು ಮಂದಿಯ ಗುಂಪುಗಳಾಗಿ ವಿಂಗಡಿಸಬೇಕು. ಪ್ರತಿ ಗುಂಪೂ ಒಂದು ಯಂತ್ರದ ಮುಂದೆ ಕುಳಿತು ಕರ್ನೆಲಿನ ಆವೃತ್ತಿಯನ್ನು ಕಂಡುಕೊಳ್ಳಲಿ. ಬಳಿಕ 'ಬೂಟ್' ಕೋಶದ ಸಂರಚನಾ ಕಡತವನ್ನು ಓದಲು ಮಾತ್ರ ತೆರೆದು, 'ಫ್ಯಾಟ್ ಡೀಫಾಲ್ಟ್' ಎಂದು ಆರಂಭವಾಗುವ ಸಾಲುಗಳನ್ನೂ 'ಎಕ್ಸ್‌ಫ್ಯಾಟ್' ಸಾಲುಗಳನ್ನೂ ಹುಡುಕಿ ಬರೆದುಕೊಳ್ಳಲಿ. ನಂತರ ತಮ್ಮ ಪೆನ್ ಡ್ರೈವಿನಲ್ಲಿ ಕನ್ನಡ ಹೆಸರಿನ ಒಂದು ಕಡತವನ್ನು ಉಳಿಸಿ, ಬೇರೆ ಗುಂಪಿನ ಯಂತ್ರದಲ್ಲಿ ತೆರೆದು ನೋಡಲಿ.

ಚರ್ಚಾಸೂಚಕಗಳು:
• ಎಲ್ಲ ಯಂತ್ರಗಳಲ್ಲೂ ಒಂದೇ ಉತ್ತರವಿದೆಯೇ?
• ಉತ್ತರ 'ಎನ್' ಎಂದಿದ್ದರೂ ಕನ್ನಡದ ಹೆಸರು ಸರಿಯಾಗಿ ಕಾಣಿಸಿತೇ? ಹಾಗಿದ್ದರೆ ಆ ಕೆಲಸವನ್ನು ಯಾವ ಪದರ ಮಾಡಿತು?
• ಈ ಯಂತ್ರವನ್ನು ನಾಳೆ ಹೊಸದಾಗಿ ಸ್ಥಾಪಿಸಿದರೆ ಯಾವ ಆಯ್ಕೆಗಳು ಉಳಿಯುತ್ತವೆ, ಯಾವುವು ಹೋಗುತ್ತವೆ?

ಕ್ರೋಢೀಕರಣದ ವೇಳೆ ಪ್ರತಿ ಗುಂಪೂ 'ನಮ್ಮ ಪ್ರಯೋಗಾಲಯದ ಸಂರಚನಾ ದಾಖಲೆ' ಎಂಬ ಒಂದು ಪುಟವನ್ನು ಸಿದ್ಧಪಡಿಸಬೇಕು. ಯಂತ್ರದ ಸಂಖ್ಯೆ, ಕರ್ನೆಲಿನ ಆವೃತ್ತಿ, ಕೀಲಿಮಣೆ ವಿನ್ಯಾಸಗಳು, ಸೇರಿಸಿದ ಫಾಂಟುಗಳು, ಪ್ರಿಂಟರಿನ ಮಾದರಿ ಇವುಗಳ ಜೊತೆಗೆ, ಪ್ರತಿ ಆಯ್ಕೆಯ ಮುಂದೆ ಅದು ಏಕೆ ಬೇಕೆಂಬ ಒಂದು ವಾಕ್ಯವನ್ನು ಬರೆಯಬೇಕು. ಉತ್ತರ ಮಾತ್ರ ಬರೆದಿದ್ದರೆ ಮುಂದೆ ಬರುವವರಿಗೆ ಅದನ್ನು ಉಳಿಸಬೇಕೋ ಬಿಡಬೇಕೋ ತಿಳಿಯುವುದಿಲ್ಲ. ಕಾರಣ ಬರೆದಿದ್ದರೆ ತಿಳಿಯುತ್ತದೆ. ಅಧ್ಯಾಪಕರಿಗೆ ವರ್ಗಾವಣೆಯಾಗುತ್ತದೆ, ಮಕ್ಕಳು ಶಾಲೆ ಮುಗಿಸಿ ಹೋಗುತ್ತಾರೆ, ಪ್ರಯೋಗಾಲಯ ಉಳಿಯುತ್ತದೆ. ಈ ಪುಟವನ್ನು ಮುದ್ರಿಸಿ ದಾಸ್ತಾನು ಪುಸ್ತಕದೊಂದಿಗೆ ಇಡಬೇಕು.

ಮೌಲ್ಯನಿರ್ಣಯ

1. 'ಓಲ್ಡ್‌ಕಾನ್ಫಿಗ್' ಮತ್ತು 'ಓಲ್ಡ್‌ಡೆಫ್‌ಕಾನ್ಫಿಗ್' ಆಜ್ಞೆಗಳ ವ್ಯತ್ಯಾಸವನ್ನು ತಿಳಿಸಿ. ಎರಡನೆಯದನ್ನು ಬಳಸಿದ ನಂತರ ಮಾಡಲೇಬೇಕಾದ ಕೆಲಸ ಯಾವುದು?
2. ಎಕ್ಸ್ಟ್3 ಮತ್ತು ಐಡಿಇ ಉದಾಹರಣೆಗಳನ್ನು ಹೋಲಿಸಿ. ಒಂದರಲ್ಲಿ ಯಂತ್ರ ಎದ್ದುದಕ್ಕೂ ಇನ್ನೊಂದರಲ್ಲಿ ನಿಂತುದಕ್ಕೂ ಕಾರಣವೇನು?
3. ಪೆನ್ ಡ್ರೈವಿನಲ್ಲಿ ಕನ್ನಡದ ಕಡತದ ಹೆಸರು ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಂಡಿತು. ಪರಿಶೀಲಿಸಬೇಕಾದ ಎರಡು ಅಂಶಗಳನ್ನು ಬರೆಯಿರಿ.
4. 'ಖಚಿತವಿಲ್ಲದಿದ್ದರೆ ಪೂರ್ವನಿಗದಿತ ಉತ್ತರವನ್ನು ಒಪ್ಪಿಕೊಳ್ಳುವುದು ಕ್ಷೇಮ' ಎಂಬ ಅಭಿಪ್ರಾಯವನ್ನು ನಿಮ್ಮ ಶಾಲೆಯ ಪ್ರಯೋಗಾಲಯದ ಹಿನ್ನೆಲೆಯಲ್ಲಿ ವಿಮರ್ಶಿಸಿ.

ನಾಲ್ಕನೆಯ ಪ್ರಶ್ನೆಗೆ ಒಂದೇ ಸರಿಯುತ್ತರವಿಲ್ಲ. ತಮ್ಮ ಪ್ರಯೋಗಾಲಯದ ಒಂದು ನಿಜವಾದ ಆಯ್ಕೆಯನ್ನು ಹೆಸರಿಸಿ, ಅದು ಯಾರಿಗೆ ಬೇಕು, ಅದಿಲ್ಲದಿದ್ದರೆ ಯಾರ ಕೆಲಸ ನಿಲ್ಲುತ್ತದೆ ಎಂಬುದನ್ನು ವಿವರಿಸಿದ ಮಗುವಿಗೆ ಪೂರ್ಣ ಅಂಕ ಕೊಡಬೇಕು.